ಅಪ್‌ಡೇಟ್: ಚಳಿಗಾಲದ ಕಯಾಕ್ ರೇಸ್‌ಗೆ ಕೊನೆಗೆ ಒಪ್ಪಿದ ನಿಯಮಗಳು

ಕ್ಲಬ್ಬಿನ ಚಳಿಗಾಲದ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ಪುಟ್ಟ ದೋಣಿ) ರೇಸ್‌ಗೆ ಸುರಕ್ಷತೆ ಹೇಗಿರಬೇಕು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ತೀರ್ಮಾನವಾದದ್ದು ಹೀಗೆ.

ಒಂದೇ ಉದ್ದನೆಯ ದಾರಿ ಕೈಬಿಟ್ಟು, ದಡದ ಪಕ್ಕದಲ್ಲೇ ಸುತ್ತುವ 1 ಕಿ.ಮೀ. ಲ್ಯಾಪ್ ಇಟ್ಟಿದ್ದೇವೆ. ತಣ್ಣೀರಿಗೆ ಬಿದ್ದವರಿಗೆ ಮೊದಲ ಒಂದು ನಿಮಿಷ ಉಸಿರಾಟವೇ ಹಿಡಿತಕ್ಕೆ ಸಿಗುವುದಿಲ್ಲ. ಆಮೇಲೆ ಬೆರಳುಗಳು ಹೇಳಿದ ಮಾತು ಕೇಳುವುದು ಸುಮಾರು 10 ನಿಮಿಷ ಮಾತ್ರ. ಅಷ್ಟರಲ್ಲಿ ರಕ್ಷಣಾ ದೋಣಿ ತಲುಪಲೇಬೇಕು. ಅದಕ್ಕೇ ದೋಣಿ ನಿಲ್ಲುವುದು ಸ್ಟಾರ್ಟ್ ಲೈನಿನಲ್ಲಲ್ಲ, ದೂರದ ತಿರುವಿನಲ್ಲಿ. ಒಬ್ಬರಿಗೊಬ್ಬರು ತಾಗಿ ಮಗುಚಿಕೊಳ್ಳುವ ಜಾಗ ಅದು.

ಉಡುಪು ಬಿಸಿಲು ನೋಡಿ ಅಲ್ಲ, ನೀರಿನ ಉಷ್ಣಾಂಶ ನೋಡಿ. 15 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ವೆಟ್‌ಸೂಟ್ (ಒದ್ದೆಯಾದರೂ ಮೈ ಬೆಚ್ಚಗಿಡುವ ರಬ್ಬರಿನಂಥ ಉಡುಪು) ಅಥವಾ ಡ್ರೈಸೂಟ್ (ನೀರು ಒಳಗೆ ಬಿಡದ ಉಡುಪು) ಕಡ್ಡಾಯ. ಹತ್ತಿ ಬಟ್ಟೆ ಬೇಡವೇ ಬೇಡ. ಡ್ರೈಸೂಟ್ ಹಾಕಿದವರು ಕುಕ್ಕರುಗಾಲಲ್ಲಿ ಕೂತು, ಕತ್ತಿನ ಸೀಲ್ (ನೀರು ನುಗ್ಗದಂತೆ ಕತ್ತಿಗೆ ಬಿಗಿಯಾಗಿ ಕೂರುವ ಅಂಚು) ಸ್ವಲ್ಪ ಎಳೆದು ಒಳಗಿನ ಗಾಳಿ ಹೊರಗೆ ಬಿಡಬೇಕು. ಇಲ್ಲವಾದರೆ ಬಿದ್ದಾಗ ಗಾಳಿ ಕಾಲಿಗೆ ಸೇರಿ ಈಜೋದು ಕಷ್ಟ. ಲೈಫ್‌ಜಾಕೆಟ್‌ನ ಹೆಗಲ ಪಟ್ಟಿ ಮೇಲಕ್ಕೆಳೆದು ನೋಡುತ್ತೇವೆ. ಜಾಕೆಟ್ ಕಿವಿವರೆಗೆ ಏರಿದರೆ ಪಟ್ಟಿ ಬಿಗಿ ಮಾಡುವ ತನಕ ನೀರಿಗಿಳಿಸುವುದಿಲ್ಲ.

ನೀರಿಗೆ ಇಳಿದವರ, ದಡ ಹತ್ತಿದವರ ಲೆಕ್ಕಕ್ಕೆ ನಂಬರ್ ಟ್ಯಾಗ್ ಬೋರ್ಡ್ (ಪ್ರತಿಯೊಬ್ಬರ ನಂಬರಿನ ಬಿಲ್ಲೆ ತೂಗುಹಾಕುವ ಹಲಗೆ). ನೀರಿನಿಂದ ಮೇಲೆತ್ತಿದವರನ್ನು ಮಲಗಿಸಿ, ಒದ್ದೆ ಬಟ್ಟೆ ತೆಗೆದು, ಕಂಬಳಿ ಹೊದಿಸಬೇಕು. ಕೈಕಾಲು ಉಜ್ಜಬಾರದು, ನಡೆಸಲೂಬಾರದು. ಪೂರ್ತಿ ಎಚ್ಚರವಿದ್ದರೆ ಮಾತ್ರ ಬಿಸಿ ಸಿಹಿ ಪಾನೀಯ.