ಸಹಾಯ ಬೇಕು: ತಾರಸಿಯ ಮಳೆನೀರನ್ನು ಇಂಗಿಸಲು ಬಾವಿ ತೋಡಬೇಕಾಗಿದೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಉಲ್ಲಾಳದ ಹತ್ತಿರ ನಮ್ಮದು 30x40 ನಿವೇಶನದ ಮನೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿತು. ಅಂದಿನಿಂದ ಟ್ಯಾಂಕರ್ ನೀರೇ ಗತಿ. ನನ್ನ ಅಮ್ಮ ಪಾವಗಡದ ಕಡೆಯವರು, ಅಕ್ಕಿ ತೊಳೆದ ನೀರನ್ನೂ ಕರಿಬೇವಿನ ಬುಡಕ್ಕೇ ಸುರಿಯುವವರು. ಮೊನ್ನೆಯ ಮಳೆಯಲ್ಲಿ ತಾರಸಿಯ ಪೈಪಿನಿಂದ ನೀರು ನೊರೆ ನೊರೆಯಾಗಿ ಚರಂಡಿಗೆ ಧುಮುಕುತ್ತಿತ್ತು. ಅಮ್ಮ ಸೆರಗು ತಲೆಗೆ ಹೊದ್ದು, ಬಕೆಟ್ಟಿನ ಮೇಲೆ ಬಕೆಟ್ ಹಿಡಿಯುತ್ತಲೇ ಇದ್ದರು. ನೋಡಿ ಹೊಟ್ಟೆ ಉರಿಯಿತು.

ಲೆಕ್ಕ ಹಾಕಿದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿ.ಮೀ. ಮಳೆ. ನಮ್ಮ 1,000 ಚದರ ಅಡಿ ತಾರಸಿಯ ಮೇಲೆ ಬೀಳುವುದೇ ಸುಮಾರು 90 ಸಾವಿರ ಲೀಟರ್! ಕಾವೇರಿಯನ್ನು 100 ಕಿ.ಮೀ. ದೂರದಿಂದ ಮೇಲಕ್ಕೆತ್ತಿ ತರುವ ಊರಿನಲ್ಲಿ ಇದನ್ನು ಮೋರಿಗೆ ಬಿಡುವುದು ಅನ್ಯಾಯ.

ಮೂರು ಅಡಿ ಅಗಲ, 20 ಅಡಿ ಆಳದ ಇಂಗುಬಾವಿ ತೋಡಿ ಸಿಮೆಂಟ್ ರಿಂಗ್ ಇಳಿಸಬೇಕೆಂದಿದ್ದೇನೆ. ಜಾಗ ಇರುವುದು ಸಂಪಿಗೂ ಕಾಂಪೌಂಡಿಗೂ ನಡುವೆ. ಮನೆಯ ಪಾಯದಿಂದ ಐದೇ ಅಡಿ. ಪಾಯಕ್ಕೆ ತೊಂದರೆಯಾದೀತೇ? ಇದೇ ನನ್ನ ದೊಡ್ಡ ಚಿಂತೆ. ಇಷ್ಟು ಹತ್ತಿರ ತೋಡಿಸಿದವರು ದಯವಿಟ್ಟು ಅನುಭವ ತಿಳಿಸಿ. ಮೊದಲ ಮಳೆಯ ಕೊಳೆನೀರನ್ನು ಬೇರೆ ಕಡೆ ಹರಿಸಲು ಏನು ಮಾಡಿದ್ದೀರಿ? ಸೋಸಲು ಜಲ್ಲಿ, ಮರಳು ಸಾಕೇ, ಇದ್ದಿಲೂ ಬೇಕೇ?

ಬಾವಿ ತೋಡುವುದರಲ್ಲಿ ಪಳಗಿದ ಮಣ್ಣು ವಡ್ಡರ ಸಮುದಾಯದವರು ಯಾರಾದರೂ ಪರಿಚಯವಿದ್ದರೆ ತಿಳಿಸಿ. ಅವರು ಕೇಳುವ ಕೂಲಿಯಲ್ಲಿ ಚೌಕಾಸಿ ಮಾಡುವುದಿಲ್ಲ. ಮುಂಗಾರು ಹಿಡಿಯುವ ಮೊದಲು ಕೆಲಸ ಮುಗಿಸಬೇಕು.