ಅಪ್‌ಡೇಟ್: ಗೋವಿನಜೋಳದ ಹೊಲಕ್ಕೆ ಹಳೇ .315 ರೈಫಲ್ ಸಾಕು

ಹಾನಗಲ್ಲ ಕಡೆ ಹಂದಿ ಕಾಟಕ್ಕೆ ಕಡಿಮೆ ಖರ್ಚಿನ ಬೋಲ್ಟ್ ಆಕ್ಷನ್ ರೈಫಲ್ (ಪ್ರತಿ ಗುಂಡಿಗೂ ಬೋಲ್ಟ್ ಅನ್ನೋ ಚಿಲಕ ಕೈಯಿಂದ ಎಳೆದು ತಳ್ಳುವಂಥದ್ದು) ಯಾವುದು ಅಂತ ಕೇಳಿದ್ದೆ. ಕೊನೆಗೆ ನನ್ನ ಆಯ್ಕೆ ಇಶಾಪುರ ರೈಫಲ್ ಕಾರ್ಖಾನೆಯ ಸೆಕೆಂಡ್ ಹ್ಯಾಂಡ್ .315 ಬೋರ್‌ಗೆ (ಬೋರ್ ಅಂದರೆ ಇಂಚಿನಲ್ಲಿ ನಳಿಗೆಯ ಅಳತೆ) ಬಂದು ನಿಂತಿದೆ. .303 ಸಾಮಾನ್ಯ ಲೈಸೆನ್ಸಿಗೆ ಸಿಗದ ನಿಷೇಧಿತ ಬೋರ್, ಅದರ ಮಾತೇ ಬೇಡ.

ಹಳೇದು ನೋಡುವವರು ಖಾಲಿ ಇರೋದು ಖಾತ್ರಿ ಮಾಡಿಕೊಂಡು, ಬೋಲ್ಟ್ ತೆಗೆದು ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ. ತುಕ್ಕಿನ ಕುಳಿ ಕಂಡರೆ ವಾಪಸ್ ಬನ್ನಿ. ಬೋಲ್ಟ್ ಮೇಲಿನ ನಂಬರ್ ರೈಫಲ್ ಬಾಡಿಯ ನಂಬರಿಗೆ ಹೊಂದದಿದ್ದರೆ ಹೆಡ್‌ಸ್ಪೇಸ್ (ಬೋಲ್ಟಿನ ಮುಖಕ್ಕೂ ತೋಟಾ ತಡೆದು ನಿಲ್ಲುವ ಜಾಗಕ್ಕೂ ಇರೋ ಅಂತರ) ಅಳೆಸದೇ ದುಡ್ಡು ಕೊಡಬೇಡಿ. ಅದು ಹೆಚ್ಚಿದ್ದರೆ ತೋಟಾದ ಕೇಸ್ (ಹೊರ ಕವಚ) ಬುಡದ ಹತ್ತಿರ ಹರಿಯುತ್ತದೆ. .315ರದು ರಿಮ್, ಅಂದರೆ ಬುಡದಲ್ಲಿ ಹೊರಚಾಚಿದ ಅಂಚು, ಇರೋ ತೋಟಾ: ತುಂಬುವಾಗ ಮೇಲಿನದರ ರಿಮ್ ಕೆಳಗಿನದರ ಮುಂದೆ ಕೂಡಬೇಕು, ಹಿಂದೆ ಕೂತರೆ ಸಿಕ್ಕಿಬಿತ್ತಂತಲೇ ತಿಳೀರಿ.

ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿಗೆ ಗುಂಡು ಹಾರಿಸುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯಡಿ ಲಿಖಿತ ಅನುಮತಿ ಬೇರೆ ಬೇಕು.