ಕುಬರ್ನೆಟೀಸ್‌ನ ಈ ಸಮಸ್ಯೆಗೆ ‘ದೋಷ’ ಅನ್ನಬಹುದೇ, ‘ಕಂಡಿ’ ಅನ್ನಬೇಕೇ?

ಎಲ್ಲರಿಗೂ ನಮಸ್ಕಾರ.

ಕುಬರ್ನೆಟೀಸ್ ಅಂದರೆ ಹಲವು ಯಂತ್ರಗಳ ಗುಂಪಿನಲ್ಲಿ (ಕ್ಲಸ್ಟರ್) ತಂತ್ರಾಂಶಗಳನ್ನು ನಡೆಸುವ ವ್ಯವಸ್ಥೆ. ಅಂಥ ಕ್ಲಸ್ಟರ್ ನೋಡಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಭದ್ರತಾ ಕೈಪಿಡಿ ಬರೆಯುತ್ತಿದ್ದೇನೆ. ‘ವಲ್ನರಬಿಲಿಟಿ’ಗೆ (ದಾಳಿಕೋರ ಬಳಸಿಕೊಳ್ಳಬಹುದಾದ ಜಾಗ) ಬಹಳ ಕಡೆ ‘ದೋಷ’ ಅಂದರೆ ಸಾಕಾಗುತ್ತದೆ. ಸಿವಿಇ-2020-8554 (ಸಿವಿಇ ಅಂದರೆ ಬಹಿರಂಗವಾದ ವಲ್ನರಬಿಲಿಟಿಗೆ ಕೊಡುವ ಗುರುತುಸಂಖ್ಯೆ) ವಿಷಯದಲ್ಲಿ ಮಾತ್ರ ಆ ಪದ ಕೂರುತ್ತಿಲ್ಲ.

ಆಗುವುದು ಇಷ್ಟು. ಕುಬರ್ನೆಟೀಸ್‌ನಲ್ಲಿ ಸರ್ವಿಸ್ (ಒಂದು ವಿಳಾಸಕ್ಕೆ ಬಂದದ್ದನ್ನು ಪಾಡ್‌ಗಳಿಗೆ, ಅಂದರೆ ತಂತ್ರಾಂಶ ಓಡುವ ಘಟಕಗಳಿಗೆ, ಕಳಿಸುವ ಏರ್ಪಾಡು) ಮಾಡುವಾಗ ‘ಎಕ್ಸ್‌ಟರ್ನಲ್ ಐಪಿಸ್’ ಅನ್ನುವ ಜಾಗದಲ್ಲಿ ಹೊರಗಿನ ವಿಳಾಸ ಬರೆಯಬಹುದು. ಆ ವಿಳಾಸ ನಿಮ್ಮದೇನಾ ಅಂತ ಕುಬರ್ನೆಟೀಸ್ ಕೇಳುವುದಿಲ್ಲ. ಸರ್ವಿಸ್ ಮಾಡಲು ಅನುಮತಿ ಇರುವ ಒಬ್ಬ ಅಲ್ಲಿ 8.8.8.8 (ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್, ಅಂದರೆ ತಾಣದ ಹೆಸರಿಗೆ ಐಪಿ ವಿಳಾಸ ಹೇಳುವ ಸೇವೆ) ಅಂತ ಬರೆದು, ಡಿಎನ್‌ಎಸ್ ಬಳಸುವ ಯುಡಿಪಿ ಪೋರ್ಟ್ 53 ಕೊಟ್ಟ ಅನ್ನಿ. ಸರ್ವಿಸ್‌ಗಳ ದಾರಿ ಹೊಂದಿಸುವ ಕ್ಯೂಬ್-ಪ್ರಾಕ್ಸಿ ಪ್ರತಿ ನೋಡ್‌ನಲ್ಲೂ (ಕ್ಲಸ್ಟರ್‌ನ ಯಂತ್ರ) ಅದಕ್ಕೆ ತಕ್ಕ ಐಪಿಟೇಬಲ್ಸ್ ನಿಯಮ, ಅಂದರೆ ಲಿನಕ್ಸ್‌ನ ನೆಟ್‌ವರ್ಕ್ ನಿಯಮ, ಹಾಕುತ್ತದೆ. ಆಮೇಲೆ ಕ್ಲಸ್ಟರ್ ಒಳಗಿಂದ ಆ ವಿಳಾಸಕ್ಕೆ ಹೊರಟ ಡಿಎನ್‌ಎಸ್ ಪ್ರಶ್ನೆಗಳು ಹೊರಗೇ ಹೋಗುವುದಿಲ್ಲ. ನೇರ ಅವನ ಪಾಡ್‌ಗೆ ಬಂದು ಬೀಳುತ್ತವೆ. ಅವನು ಹೇಳಿದ್ದೇ ಉತ್ತರ.

ಇಲ್ಲಿ ಯಾವುದೂ ಕೆಟ್ಟಿಲ್ಲ, ಅಲ್ವಾ? ಪ್ರತಿಯೊಂದು ಭಾಗವೂ ಹೇಳಿದ ಕೆಲಸವನ್ನೇ ಮಾಡಿದೆ. ವಿನ್ಯಾಸವೇ ಹಾಗಿದೆ. 2020ರ ಡಿಸೆಂಬರ್‌ನಲ್ಲಿ ಇದನ್ನು ಪ್ರಕಟಿಸಿದಾಗ ಎಲ್ಲ ಆವೃತ್ತಿಗಳಿಗೂ ಇದು ತಟ್ಟುತ್ತದೆ ಎಂದರು, ಪ್ಯಾಚ್ ಕೊಡಲಿಲ್ಲ. 1.21ರಲ್ಲಿ ಈ ಸೌಲಭ್ಯವನ್ನು ತಡೆಯುವ ಅಡ್ಮಿಷನ್ ಕಂಟ್ರೋಲರ್ (ಕ್ಲಸ್ಟರ್‌ಗೆ ಬರುವ ಕೋರಿಕೆಗಳನ್ನು ಒಪ್ಪುವ ಮೊದಲು ಪರೀಕ್ಷಿಸುವ ಭಾಗ) ಬಂತು. ಅದನ್ನೂ ನಾವೇ ಆನ್ ಮಾಡಿಕೊಳ್ಳಬೇಕು. ‘ದೋಷ’ ಅಂತ ಬರೆದರೆ ಓದಿದವರು ಅಪ್‌ಡೇಟ್ ಹಾಕಿ ಸುಮ್ನೆ ಕೂತುಬಿಡುತ್ತಾರೆ. ನನ್ನ ಚಿಂತೆ ಅದೇ.

ಅದೇ ವರ್ಷದ ಸಿವಿಇ-2020-8558 ನೋಡಿ. ಕ್ಯೂಬ್-ಪ್ರಾಕ್ಸಿ ಕರ್ನೆಲ್‌ನ ಒಂದು ಸೆಟ್ಟಿಂಗ್ ಬದಲಿಸಿದ್ದರಿಂದ, ನೋಡ್‌ನ ಒಳಗಷ್ಟೇ ಸಿಗಬೇಕಾದ 127.0.0.1ರ ಸೇವೆಗಳು ಅದೇ ನೆಟ್‌ವರ್ಕ್‌ನ ಪಕ್ಕದ ಯಂತ್ರಕ್ಕೂ ಸಿಗುತ್ತಿದ್ದವು. 1.18.4, 1.17.7, 1.16.11ರಲ್ಲಿ ಸರಿಮಾಡಿದರು. ಇದಕ್ಕೆ ‘ದೋಷ’ ಧಾರಾಳವಾಗಿ ಒಪ್ಪುತ್ತದೆ.

ಹಾಗಾದರೆ ಎರಡಕ್ಕೂ ಹೊಂದುವ ಪದ ಯಾವುದು? ‘ದೌರ್ಬಲ್ಯ’ ಬಳಕೆಯಲ್ಲಿದೆ, ಆದರೆ ಇಡೀ ತಂತ್ರಾಂಶವೇ ಬಲಹೀನ ಅನ್ನಿಸುತ್ತದೆ. ಎಲ್ಲಿ ಅಂತ ಬೆರಳಿಟ್ಟು ತೋರಿಸುವುದಿಲ್ಲ. ‘ಲೋಪ’ ಅಂದರೆ ಯಾರೋ ಮಾಡಬೇಕಾದ್ದನ್ನು ಬಿಟ್ಟರು ಅಂತಾಗುತ್ತದೆ. ‘ಭೇದ್ಯತೆ’ಯನ್ನು ನಿತ್ಯ ಕೆಲಸ ಮಾಡುವ ಯಾರ ಬಾಯಲ್ಲೂ ನಾನು ಕೇಳಿಲ್ಲ.

ನನಗೆ ಹಿಡಿಸಿರುವುದು ‘ಕಂಡಿ’. ಬೇಲಿಯ ಕಂಡಿ, ಗೋಡೆಯ ಕಂಡಿ ಅನ್ನುತ್ತೇವೆ. ಬೇಕೆಂದೇ ಬಿಟ್ಟದ್ದಿರಬಹುದು, ತಾನಾಗಿ ಆದದ್ದಿರಬಹುದು. ಎರಡಕ್ಕೂ ಅದೇ ಮಾತು. ಮುಚ್ಚಬಹುದು, ಅಲ್ಲೊಂದು ಕಾವಲೂ ಇಡಬಹುದು. ಪತ್ರಿಕೆಗಳು ಹ್ಯಾಕಿಂಗ್‌ಗೆ ‘ಕನ್ನ ಹಾಕಿದರು’ ಅಂತ ಈಗಾಗಲೇ ಬರೆಯುತ್ತವೆ. ಕನ್ನ ಕಳ್ಳ ಕೊರೆಯುವುದು, ಕಂಡಿ ಮೊದಲೇ ಇರುವುದು. ‘ಎಕ್ಸ್‌ಪ್ಲಾಯ್ಟ್’ ಮತ್ತು ‘ವಲ್ನರಬಿಲಿಟಿ’ ನಡುವಿನ ವ್ಯತ್ಯಾಸ ಇಲ್ಲಿ ಹೆಚ್ಚುಕಡಿಮೆ ಸಿಕ್ಕೇಬಿಡುತ್ತದೆ. ‘ಕಳ್ಳಗಂಡಿ’ಯನ್ನು ಬ್ಯಾಕ್‌ಡೋರ್‌ಗೆ (ಗುಟ್ಟಾಗಿ ಇಟ್ಟ ಒಳದಾರಿ) ಮೀಸಲಿಡಬಹುದು.

ಇನ್ನೊಂದು ಪದವೂ ಕಾಡುತ್ತಿದೆ. ಮೇಲಿನ ರೀತಿಯ ‘ಮ್ಯಾನ್ ಇನ್ ದ ಮಿಡಲ್’ ದಾಳಿಯನ್ನು ‘ಮಧ್ಯವರ್ತಿ ದಾಳಿ’ ಅನ್ನುವುದುಂಟು. ಮಧ್ಯವರ್ತಿ ಎರಡೂ ಕಡೆಯವರಿಗೆ ಗೊತ್ತಿರುವವನು. ಇಲ್ಲಿ ಕೂತವನು ಯಾರಿಗೂ ಗೊತ್ತಿಲ್ಲ. ‘ನಡುನುಸುಳು ದಾಳಿ’ ಅಂದರೆ ಹೇಗೆ?

ನನ್ನ ಪ್ರಶ್ನೆಗಳು: ‘ಭದ್ರತಾ ಕಂಡಿ’ ಅಂತ ಬರೆದರೆ ಮೊದಲ ಓದಿಗೇ ಅರ್ಥವಾಗುತ್ತದೆಯೇ, ಅಥವಾ ‘ಕಿಂಡಿ’ಯೇ ಜಾಸ್ತಿ ಜನಕ್ಕೆ ಗೊತ್ತೇ? ನಿಮ್ಮ ಮಾತಿನಲ್ಲಿ ಇವೆರಡೂ ಒಂದೇನಾ? ಬಳಸಿದ ವಾಕ್ಯ ಇದ್ದರೆ ಅದನ್ನೇ ಬರೆಯಿರಿ.